ಬಣ್ಣ ನೋಡಿ, ಆದರೆ ಬಣ್ಣ ನಂಬಿ ಕೈ ಇಡಬೇಡಿ

ನಮ್ಮ ಪಂಪ್ ಶೆಡ್ಡಿನಲ್ಲಿ ಒಂದು ಪ್ಲಗ್ ಪಾಯಿಂಟ್ ಬೇಕಿತ್ತು. ತಮ್ಮನ ಮಗ ರಜೆಯಲ್ಲಿ ಬಂದಿದ್ದ. "ಇಷ್ಟಕ್ಕೆಲ್ಲ ವಯರ್‌ಮನ್ ಯಾಕೆ ದೊಡ್ಡಪ್ಪಾ? ಕಂದು ಫೇಸು, ನೀಲಿ ನ್ಯೂಟ್ರಲ್. ನಾನೇ ಮಾಡ್ತೇನೆ" ಅಂದ. ಪಂಪಿನ ಬೋರ್ಡಿನಿಂದ ಒಂದು ಕೆಂಪು, ಒಂದು ನೀಲಿ ವಯರು ಎಳೆದು ಸಾಕೆಟ್ಟಿಗೆ ಕೊಟ್ಟ. ಸ್ವಿಚ್ ಹಾಕಿದ್ದೇ ತಡ, ಬಲ್ಬು ಠಪ್ಪೆಂದು ಹೋಯಿತು. ಹೋದದ್ದು ಬಲ್ಬು ಮಾತ್ರ, ನಮ್ಮ ಪುಣ್ಯ.

ಹುಡುಗ ಹೇಳಿದ್ದು ಪೂರ್ತಿ ತಪ್ಪಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಜೊತೆ ಬರುವ ವಯರಿನಲ್ಲಿ ಈಗ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದ್ದು ಅರ್ತ್. ಆದರೆ ನಮ್ಮ ಗೋಡೆಯೊಳಗಿನ ರೂಢಿ ಬೇರೆ. ಅಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಪಂಪಿಗೆ ಬರುವ ಮೂರು ಫೇಸಿನ ಲೈನಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸೇ! ಮಿಕ್ಸಿಯಲ್ಲಿ ಸಾಧುವಾಗಿದ್ದ ನೀಲಿ ಪಂಪ್ ಶೆಡ್ಡಿನಲ್ಲಿ ಹಾವು. ಒಂದು ಫೇಸ್, ಒಂದು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ, ಎರಡು ಫೇಸ್‌ಗಳ ನಡುವೆ 400ರ ಆಸುಪಾಸು. ಬಲ್ಬು ತಡೆಯುವುದು ಹೇಗೆ?

ಇದು ಬಣ್ಣ ಸರಿಯಾಗಿದ್ದಾಗಿನ ಕಥೆ. ನಮ್ಮ ಹಳ್ಳಿಮನೆಗಳಲ್ಲಿ ಬಣ್ಣವೇ ಸರಿ ಇರುವುದಿಲ್ಲ. ಕಳೆದ ವರ್ಷ ಅಡುಗೆಮನೆಯ ಸಾಕೆಟ್ ಬದಲಿಸಲು ಬಿಚ್ಚಿದರೆ ಒಳಗೆ ಎರಡು ವಯರು, ಎರಡೂ ಕೆಂಪು. ಅರ್ತಿನ ಪತ್ತೆಯೇ ಇಲ್ಲ. ವಯರಿಂಗ್ ಮಾಡಿದವರನ್ನು ಕೇಳಿದೆ. "ನೀವೇ ಒಂದು ಕಾಯಿಲ್ ಕೆಂಪು ತಂದು ಕೊಟ್ಟದ್ದಲ್ವಾ ಮಾರಾಯ್ರೆ?" ಅಂದರು. ಹೌದು, ತಪ್ಪು ನನ್ನದೇ. ಒಂದು ಕಾಯಿಲ್ ಅಂದರೆ 90 ಮೀಟರ್. ಮೂರು ಬಣ್ಣದ್ದು ತಂದರೆ ಅರ್ಧರ್ಧ ಉಳಿಯುತ್ತದೆ ಎಂದು ಒಂದರಲ್ಲೇ ಮುಗಿಸಿದ್ದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬಣ್ಣ ಎಂಬುದು ವಯರಿಂಗ್ ಮಾಡಿದವನು ಮುಂದೆ ಬಿಚ್ಚುವವನಿಗೆ ಇಟ್ಟುಹೋದ ಚೀಟಿ. ಚೀಟಿ ಬರೆಸುವುದು ಮನೆ ಯಜಮಾನನ ಜವಾಬ್ದಾರಿ. ಚೀಟಿ ನಿಜವೋ ಸುಳ್ಳೋ ಎಂದು ನೋಡುವುದು ಬಿಚ್ಚುವವನ ಜವಾಬ್ದಾರಿ.

ನೋಡುವುದು ಹೇಗೆ? ಮೊದಲು ಆ ಸಾಕೆಟ್ಟಿನಲ್ಲಿ ಕರೆಂಟು ಇರುವಾಗಲೇ ಟೆಸ್ಟರ್ ಇಟ್ಟು, ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಟೆಸ್ಟರೇ ಸತ್ತಿರುತ್ತದೆ. ಆಮೇಲೆ ಮೇನ್ ಆಫ್ ಮಾಡಿ. ಫ್ಯೂಸ್ ಇದ್ದರೆ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ಇನ್‌ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ತೆಗೆದರೂ ಇನ್‌ವರ್ಟರ್ ಲೈನಿನಲ್ಲಿ ಕರೆಂಟು ಓಡುತ್ತಲೇ ಇರುತ್ತದೆ. ಇದನ್ನು ಮರೆಯುವವರೇ ಜಾಸ್ತಿ. "ಈಗ ಹೇಗೂ ಕರೆಂಟಿಲ್ಲ" ಎಂದು ಲೋಡ್‌ಶೆಡ್ಡಿಂಗ್ ಹೊತ್ತಿನಲ್ಲಿ ಕೈ ಹಾಕುವುದಂತೂ ಬೇಡವೇ ಬೇಡ. ಅದು ಹೇಳಿ ಬರುವುದಿಲ್ಲ. ಎಲ್ಲ ಆಫ್ ಆದ ಮೇಲೆ ಮತ್ತೊಮ್ಮೆ ಮೂರೂ ತೂತುಗಳಿಗೆ, ಬಿಚ್ಚಿದ ಮೇಲೆ ಮೂರೂ ಸ್ಕ್ರೂಗಳಿಗೆ ಟೆಸ್ಟರ್ ಇಟ್ಟೇ ಮುಂದುವರಿಯಿರಿ.

ಎದುರು ನಿಂತು ನೋಡಿದರೆ ಸಾಕೆಟ್ಟಿನ ಮೇಲಿನ ದೊಡ್ಡ ತೂತು ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸ್ ವಯರಿನಲ್ಲೇ ಇರಬೇಕು. ನ್ಯೂಟ್ರಲ್‌ನಲ್ಲಿದ್ದರೆ ಸ್ವಿಚ್ ಆಫ್ ಮಾಡಿದರೂ ಸಾಕೆಟ್ಟಿನೊಳಗೆ ಕರೆಂಟು ಕಾದು ಕುಳಿತಿರುತ್ತದೆ. ಕೆಲಸ ಮುಗಿಸಿ ಮೇನ್ ಹಾಕಿ ಸ್ವಿಚ್ ಒತ್ತಿದಾಗ ಟೆಸ್ಟರ್ ಬಲಗಡೆ ಮಾತ್ರ ಉರಿಯಬೇಕು. ಎಡಗಡೆ ಉರಿದರೆ ಅದಲುಬದಲಾಗಿದೆ. ಮೇಲಿನದ್ದರಲ್ಲಿ ಉರಿದರೆ ತಕ್ಷಣ ಮೇನ್ ತೆಗೆದು ವಯರ್‌ಮನ್‌ಗೆ ಹೇಳಿ ಕಳಿಸಿ. ಇನ್ನೊಂದು ಮಾತು. ನ್ಯೂಟ್ರಲ್, ಅರ್ತ್, ತುಂಡಾದ ವಯರು, ಮೂರರಲ್ಲೂ ಟೆಸ್ಟರ್ ಉರಿಯುವುದಿಲ್ಲ. ಒಂದೇ ಬಣ್ಣದ ವಯರುಗಳಲ್ಲಿ ಯಾವುದು ಯಾವುದೆಂದು ಅಂದಾಜಿನಲ್ಲಿ ಹೇಳಬೇಡಿ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಲೈಸೆನ್ಸ್ ಇರುವವರು ಬರಲಿ. ಮೀಟರ್ ಬೋರ್ಡು, ಪಂಪಿನ ಬೋರ್ಡುಗಳ ವಿಷಯದಲ್ಲೂ ಇದೇ ಮಾತು.

ಹಸಿರು ವಯರನ್ನು ಉಳಿತಾಯಕ್ಕೆ ಬಲಿ ಕೊಡುವವರಿಗೆ ನನ್ನದೊಂದು ಪ್ರಶ್ನೆ. ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವವರು ಯಾರು? ನಾವಲ್ಲ, ಮನೆಯ ಹೆಂಗಸರು. ಗ್ರೈಂಡರಿನ ಮೈಗೆ ಫೇಸ್ ತಾಗಿದರೆ ಆ ಕರೆಂಟನ್ನು ನೆಲಕ್ಕೆ ಒಯ್ದು ಫ್ಯೂಸ್ ಹಾರಿಸುವುದು ಈ ವಯರೇ. ಪ್ಲಗ್ಗಿನ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದ ಇರುವುದು ಸುಮ್ಮನೆ ಅಲ್ಲ. ಹಾಕುವಾಗ ಅದು ಮೊದಲು ತಾಗಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಕೆಲವರು ಅರ್ತ್ ಇಲ್ಲದಲ್ಲಿ ನ್ಯೂಟ್ರಲ್ಲನ್ನೇ ಮೇಲಿನ ಸ್ಕ್ರೂಗೆ ಜೋಡಿಸಿ ಬಿಡುತ್ತಾರೆ. ಎಲ್ಲಾದರೂ ನ್ಯೂಟ್ರಲ್ ತುಂಡಾಯಿತೋ, ಗ್ರೈಂಡರಿನ ಮೈಗೇ ಕರೆಂಟು ಬಂತು! ಇದ್ದ ಅರ್ತ್ ಕೂಡಾ ಕೆಲಸ ಮಾಡಬೇಕಾದರೆ ಗುಂಡಿಯಲ್ಲಿ ತೇವ ಬೇಕು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಬಸಳೆಗೆ ನೀರು ಹಾಕುವಾಗ ಅರ್ತ್ ಗುಂಡಿಗೂ ಒಂದು ಕೊಡ ಹಾಕಿ. ಮೇನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದರೆ ಇನ್ನೂ ಒಳ್ಳೆಯದು. ಕರೆಂಟು ಸೋರಿದರೆ ಅದೇ ಲೈನ್ ಕತ್ತರಿಸುತ್ತದೆ.

ಖರ್ಚಿನ ಮಾತು ಬಂದರೆ, ನೆರೆಕರೆಯ ಮೂರು ಮನೆಯವರು ಸೇರಿ ಮೂರು ಬಣ್ಣದ ಕಾಯಿಲ್ ತಂದು ಹಂಚಿಕೊಳ್ಳಬಹುದಲ್ಲ? ಗೊಬ್ಬರ ಹಾಗೆ ತರುವುದಿಲ್ಲವೇ? ನಾವು ಹಾಗೇ ಮಾಡಿದೆವು. ನಮ್ಮ ಅಡುಗೆಮನೆಯಲ್ಲಿ ಈಗ ಕೆಂಪು, ಕಪ್ಪು, ಹಸಿರು ಅದರದರ ಜಾಗದಲ್ಲಿವೆ. ಆದರೂ ಮೊನ್ನೆ ಸಾಕೆಟ್ ಬಿಚ್ಚಬೇಕಾಗಿ ಬಂದಾಗ ನಾನು ಮೊದಲು ಹುಡುಕಿದ್ದು ಟೆಸ್ಟರನ್ನೇ.