ಹೊಟ್ಟೆನೋವಿನ ಹುಡುಗನನ್ನು ಯಾರು ಮಾತಾಡಿಸಬೇಕು?

ನಾನು ಎಂಟನೇ ತರಗತಿಯಲ್ಲಿದ್ದಾಗ ಸೋಮವಾರ ಬಂತೆಂದರೆ ಹೊಟ್ಟೆನೋವು ಶುರುವಾಗುತ್ತಿತ್ತು. ಅಪ್ಪ ಮೂರು ಆಸ್ಪತ್ರೆ ಸುತ್ತಿಸಿದರು. ಸ್ಕ್ಯಾನಿಂಗ್ ಆಯಿತು, ರಕ್ತ ಪರೀಕ್ಷೆ ಆಯಿತು, ಜಂತುಹುಳದ ಮಾತ್ರೆಯೂ ಆಯಿತು. ‘ಶಾಲೆ ಹೇಗಿದೆ?’ ಅಂತ ಮಾತ್ರ ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಹಿಂದಿನ ಬೆಂಚಿನ ಆ ಮೂವರ ಬಗ್ಗೆ ಹೇಳುತ್ತಿದ್ದೆನೋ ಏನೋ.

ಮೊನ್ನೆ ಹಬ್ಬಕ್ಕೆ ಬಂದಿದ್ದ ದೊಡ್ಡಮ್ಮನ ಮಗಳಿಗೆ ಇದನ್ನು ಹೇಳಿದೆ. ಅಕ್ಕ ಎಂಬಿಬಿಎಸ್ ಮುಗಿಸಿ ಈಗ ಹೌಸ್ ಸರ್ಜನ್. ನಗುತ್ತಾಳೆ ಅಂದುಕೊಂಡಿದ್ದೆ. ‘ಇವತ್ತು ನೀನು ನನ್ನ ಓಪಿಡಿಗೆ ಬಂದಿದ್ದರೂ ನಾನು ಸ್ಕ್ಯಾನಿಂಗೇ ಬರೀತಿದ್ದೆ ಕಣೋ’ ಅಂದಳು.

ಒಂದು ವರ್ಷದ ಇಂಟರ್ನ್‌ಶಿಪ್‌ನಲ್ಲಿ ಮನೋವೈದ್ಯಕೀಯಕ್ಕೆ ಸಿಗುವುದು ಎರಡು ವಾರ. ಅಕ್ಕನ ಆ ಎರಡು ವಾರ ಬಹುಪಾಲು ಕುಡಿತ ಬಿಡಿಸಲು ಬಂದವರ ನಡುವೆಯೇ ಕಳೆಯಿತು. ಮಕ್ಕಳು ಬಂದದ್ದು ಇಬ್ಬರೇ. ಒಬ್ಬನಿಗೆ ಏಳು ವರ್ಷ. ಕೇಳಿದ ಪ್ರಶ್ನೆಗೆಲ್ಲ ಅವನ ಅಮ್ಮನೇ ಉತ್ತರಿಸುತ್ತಿದ್ದರಂತೆ. ಸೀನಿಯರ್ ಡಾಕ್ಟರು ಅಮ್ಮನನ್ನು ಹೊರಗೆ ಕೂರಿಸಿ, ಹುಡುಗನ ಮುಂದೆ ಹಾಳೆ, ಬಣ್ಣದ ಪೆನ್ಸಿಲ್ ಇಟ್ಟು ಸುಮ್ಮನೆ ಕೂತರು. ಇಪ್ಪತ್ತು ನಿಮಿಷದ ಮೇಲೆ ಅವನು ಒಂದು ಮನೆ ಬರೆದ, ಬಾಗಿಲೇ ಇಲ್ಲದ ಮನೆ. ಗೋಡೆಗೆ ಒರಗಿ ನಿಂತಿದ್ದ ಅಕ್ಕನಿಗೆ ಮರುದಿನದಿಂದ ಬೇರೆ ವಿಭಾಗ. ಆ ಹುಡುಗನಿಗೆ ಏನಾಯಿತೋ ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಅವಳ ಗೆಳತಿಯೊಬ್ಬಳು ಮನೋವೈದ್ಯಕೀಯದಲ್ಲೇ ಎಂ.ಡಿ. ಮಾಡುತ್ತಿದ್ದಾಳೆ. ಫೋನಿನಲ್ಲಿ ಸಿಕ್ಕಾಗ ಹೇಳಿದಳು: ಮಾತ್ರೆಗಳ ಹೆಸರು ಬಾಯಿಪಾಠ ಮಾಡಬಹುದು, ಭಯವಾಗುವುದು ಮಾತಾಡದ ಮಗುವಿನ ಎದುರು ಕೂತಾಗ. ‘ಸೀನಿಯರ್ ಮಾಡೋದನ್ನ ನೋಡಿದ್ದು ಸಾಕು. ನಾನು ಮಾಡೋದನ್ನ ಅವರು ನೋಡಿ ತಪ್ಪು ಹೇಳಬೇಕು.’ ಇನ್ನೊಬ್ಬ ಗೆಳೆಯನದ್ದು ನೇರ ಮಾತು: ನೀಟ್ ಪಿಜಿಗೆ ಓದುವುದಕ್ಕೇ ಸಮಯವಿಲ್ಲ, ಇದೆಲ್ಲ ಎಲ್ಲಿಂದ? ಅವನನ್ನು ಬೈಯಲು ನನಗೆ ಬಾಯಿಲ್ಲ. ಲ್ಯಾಬಿನಲ್ಲಿ ಒಂದು ಆಸಿಲೋಸ್ಕೋಪ್‌ಗೆ ಆರು ಜನ. ಒಬ್ಬ ತಿರುಗಿಸಿದ, ಉಳಿದವರು ರೀಡಿಂಗ್ ಕಾಪಿ ಮಾಡಿದೆವು. ರೆಕಾರ್ಡಿಗೆ ಪೂರ್ತಿ ಅಂಕ ಬಂತು.

ಆದರೆ ನನ್ನ ಸರ್ಕ್ಯೂಟ್ ಕೆಟ್ಟರೆ ಯಾರ ಬಾಲ್ಯವೂ ಹಾಳಾಗುವುದಿಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಇದೆ ಎಂದಿತ್ತು. ಅರವತ್ತು ಮಂದಿಯ ತರಗತಿಯಲ್ಲಿ ನಾಲ್ಕು ಜನ. ಇವರೆಲ್ಲ ನಿಮ್ಹಾನ್ಸ್‌ಗೆ ಹೋಗುವುದಿಲ್ಲ. ಮೊದಲು ಸಿಗುವುದು ಊರಿನ ಎಂಬಿಬಿಎಸ್ ಡಾಕ್ಟರು, ಇಲ್ಲವೇ ಮಕ್ಕಳ ಡಾಕ್ಟರು.

ಹಾಗಾಗಿ ಹೊಸ ವಿಷಯ, ಹೊಸ ಪರೀಕ್ಷೆ ಬೇಡ. ಮಕ್ಕಳ ವಿಭಾಗದ ಪೋಸ್ಟಿಂಗ್‌ನಲ್ಲೇ ಪ್ರತಿಯೊಬ್ಬ ಇಂಟರ್ನ್ ನಾಲ್ಕೈದು ಮಕ್ಕಳನ್ನು ತಾನೇ ಮಾತಾಡಿಸಲಿ, ಸೀನಿಯರ್ ಪಕ್ಕದಲ್ಲಿ ಕೂತು ನೋಡಲಿ. ಇಂಜೆಕ್ಷನ್ ಕೊಡುವುದನ್ನು ಹೀಗೇ ತಾನೇ ಕಲಿಸುವುದು?

ಅಕ್ಕನಿಗೆ ಈಗ ಮಕ್ಕಳ ವಿಭಾಗ. ನಿನ್ನೆ ರಾತ್ರಿ ಮೆಸೇಜ್ ಹಾಕಿದ್ದಳು: ‘ತಲೆನೋವು ಅಂತ ಬಂದ ಹುಡುಗಿಯ ಅಮ್ಮನನ್ನು ಹೊರಗೆ ಕೂರಿಸಿದೆ. ಹತ್ತು ನಿಮಿಷ ಬರೀ ಬೆಕ್ಕಿನ ಸುದ್ದಿ ಹೇಳಿದಳು. ಮುಂದೆ ಏನು ಕೇಳಬೇಕೋ ತೋಚಲಿಲ್ಲ. ಸೀನಿಯರ್ ಬೇರೆ ವಾರ್ಡಿನಲ್ಲಿದ್ದರು.’