ನೆರೆಗೆ ಮುಂಚಿನ ನಾಯಕತ್ವ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿನ ಮುಳ್ಳೂರು, ದಾಸನಪುರ, ಹಳೇ ಹಂಪಾಪುರ, ಹಳೇ ಅಣಗಳ್ಳಿ, ಹರಳೆ ಮೊದಲಾದ ಊರುಗಳು ಕಾವೇರಿಯ ದಂಡೆಯಲ್ಲಿದ್ದು, ತಿರುಮಕೂಡಲು ನರಸೀಪುರದಲ್ಲಿ ಕಪಿಲೆ, ಅಂದರೆ ಕಬಿನಿ, ಕೂಡಿಕೊಂಡ ಮೇಲೆ ಎರಡೂ ನದಿಗಳ ನೀರು ಒಟ್ಟಾಗಿ ಇವುಗಳ ಮಗ್ಗುಲಲ್ಲೇ ಹರಿಯುವುದರಿಂದ, ಕೊಡಗಿನ ಮಳೆಯ ಜೊತೆಗೆ ಕೇರಳದ ವಯನಾಡಿನ ಮಳೆಯೂ ಇಲ್ಲಿನ ಬೆಳೆಯ ಗತಿಯನ್ನು ನಿರ್ಧರಿಸುತ್ತದೆ. 2018 ಮತ್ತು 2019ರಲ್ಲಿ ಕೃಷ್ಣರಾಜಸಾಗರ ಹಾಗೂ ಕಬಿನಿ ಜಲಾಶಯಗಳಿಂದ ಒಟ್ಟು ಲಕ್ಷ ಕ್ಯೂಸೆಕ್‌ಗೂ ಮೀರಿ, ಅಂದರೆ ಸೆಕೆಂಡಿಗೆ ಲಕ್ಷ ಘನ ಅಡಿಗೂ ಮೀರಿ, ನೀರು ಬಿಟ್ಟಾಗ ಈ ಊರುಗಳ ಜಮೀನು ಮುಳುಗಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷವೇ ನದಿ ಮತ್ತೆ ಉಕ್ಕಿತು. ಯಾವುದೋ ಒಂದು ನೆರೆಯನ್ನು ಹವಾಮಾನ ಬದಲಾವಣೆಯ ತಲೆಗೇ ಕಟ್ಟುವುದು ಶಾಸ್ತ್ರಸಮ್ಮತವಲ್ಲವಾದರೂ, ವಾತಾವರಣದ ತಾಪ ಒಂದು ಡಿಗ್ರಿ ಏರಿದರೆ ಗಾಳಿಯು ಹಿಡಿದಿಡಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ ಎಂಬ ಭೌತನಿಯಮವು ಇಂಥ ಅತಿಗಳು ಮರುಕಳಿಸುವ ಸಂಭವವನ್ನು ಸ್ಪಷ್ಟವಾಗಿ ಸೂಚಿಸುತ್ತದೆ.

ಹಾಗಾದರೆ ಹವಾಮಾನದ ಹೊಣೆ ಹೊರಬಲ್ಲ ನಾಯಕನನ್ನು ಇಲ್ಲಿನ ಮತದಾರರು ಗುರುತಿಸುವುದು ಹೇಗೆ? ಹವಾಮಾನದ ವಿಷಯದಲ್ಲಿ ಕೆಲಸ ಎರಡು ಬಗೆಯದು. ಇಂಗಾಲದ ಹೊರಸೂಸುವಿಕೆಯನ್ನು ತಗ್ಗಿಸುವುದು ಉಪಶಮನ; ಆಗಲೇ ಆರಂಭವಾಗಿರುವ ಬದಲಾವಣೆಗೆ ಬದುಕನ್ನು ಅಣಿಗೊಳಿಸುವುದು ಹೊಂದಾಣಿಕೆ. 2070ರ ವೇಳೆಗೆ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿದ ಗುರಿ ಮೊದಲನೆಯದಕ್ಕೆ ಸೇರಿದ್ದು, ಅದರಲ್ಲಿ ಒಬ್ಬ ಶಾಸಕನ ಪಾತ್ರ ಕಿರಿದು. ಎರಡನೆಯದರಲ್ಲಿ ಮಾತ್ರ ಶಾಸಕ, ಪಂಚಾಯಿತಿ ಸದಸ್ಯ, ಜಿಲ್ಲಾ ಉಸ್ತುವಾರಿ ಸಚಿವ ಇವರೆಲ್ಲರ ನಡೆಯೂ ನೇರ ಪರಿಣಾಮ ಬೀರುತ್ತದೆ.

ತೊಡಕಿರುವುದು ಮುನ್ನೆಚ್ಚರಿಕೆಗೆ ರಾಜಕೀಯ ಪ್ರತಿಫಲವಿಲ್ಲದಿರುವುದರಲ್ಲಿ. ನೆರೆ ಬಂದಾಗ ಕಾಳಜಿ ಕೇಂದ್ರಕ್ಕೆ ಭೇಟಿ ಕೊಟ್ಟು ಪರಿಹಾರದ ಚೆಕ್ ವಿತರಿಸುವವರು ಜನರ ಕಣ್ಣಿಗೆ ಬೀಳುತ್ತಾರೆ. ನೆರೆ ಬಾರದಂತೆ ದುಡಿದವರ ಕೆಲಸ ಕಾಣುವುದೇ ಇಲ್ಲ. ಅಮೆರಿಕದ ಆಂಡ್ರ್ಯೂ ಹೀಲಿ ಮತ್ತು ನೀಲ್ ಮಲ್ಹೋತ್ರಾ 2009ರಲ್ಲಿ ಪ್ರಕಟಿಸಿದ ಅಧ್ಯಯನವು, ಅಲ್ಲಿನ ಮತದಾರರು ಪರಿಹಾರದ ವೆಚ್ಚವನ್ನು ಮೆಚ್ಚಿ ಮತ ಕೊಡುತ್ತಾರೆಯೇ ಹೊರತು ಪೂರ್ವಸಿದ್ಧತೆಯ ವೆಚ್ಚಕ್ಕೆ ಕೊಡುವುದಿಲ್ಲವೆಂದೂ, ಸಿದ್ಧತೆಗೆ ಹಾಕಿದ ಒಂದು ಡಾಲರು ಮುಂದಿನ ಸುಮಾರು 15 ಡಾಲರಿನ ನಷ್ಟವನ್ನು ತಪ್ಪಿಸುತ್ತದೆಂದೂ ತೋರಿಸಿತು. ಕಾವೇರಿ ಕಣಿವೆಯಲ್ಲಿ ಈ ತೊಡಕಿಗೆ ಇನ್ನೊಂದು ಮುಖವಿದೆ. ಕೃಷ್ಣರಾಜಸಾಗರ ತುಂಬಿದೊಡನೆ ಮುಖ್ಯಮಂತ್ರಿಗಳು ಬಾಗಿನ ಅರ್ಪಿಸುತ್ತಾರೆ. ತಮಿಳುನಾಡಿನೊಡನೆ ನೀರಿನ ಹಂಚಿಕೆಯ ವ್ಯಾಜ್ಯ ಇರುವಲ್ಲಿ, ಬರದ ನೆನಪು ಹಸಿಯಾಗಿರುವಲ್ಲಿ, ತುಂಬಿದ ಕಟ್ಟೆ ಜನರಿಗೆ ನೆಮ್ಮದಿ ತರುವುದು ಸಹಜ ಮತ್ತು ನ್ಯಾಯವಾದದ್ದು. ಆದರೆ ಮುಂಗಾರಿನ ನಡುವೆಯೇ ಅಂಚಿನವರೆಗೆ ತುಂಬಿದ ಜಲಾಶಯಕ್ಕೆ ಮುಂದಿನ ಜಡಿಮಳೆಯನ್ನು ತಡೆಹಿಡಿಯಲು ಜಾಗವಿರುವುದಿಲ್ಲ; ಬಂದಷ್ಟನ್ನೂ ಹೊರಬಿಡಬೇಕಾಗುತ್ತದೆ, ಅದು ಮುಳ್ಳೂರಿನ ಗದ್ದೆಗೆ ನುಗ್ಗುತ್ತದೆ. ಹವಾಮಾನ ಮುನ್ಸೂಚನೆಯನ್ನು ಆಧರಿಸಿ ಜಲಾಶಯದಲ್ಲಿ ಒಂದಿಷ್ಟು ಜಾಗವನ್ನು ಖಾಲಿ ಇಡುವ ಪದ್ಧತಿಗೆ ದನಿಗೂಡಿಸುವ ಶಾಸಕ ಬರ ಬಂದರೆ ಬೈಗುಳ ತಿನ್ನಬೇಕಾದೀತು. ಆ ಅಪಾಯವನ್ನು ಅರಿತೂ ಮೇಲ್ದಂಡೆ, ಕೆಳದಂಡೆಗಳ ರೈತರನ್ನು ಒಂದೆಡೆ ಕೂಡಿಸಿ ಲೆಕ್ಕವನ್ನು ಬಿಚ್ಚಿಡಬಲ್ಲವನೇ ಹವಾಮಾನದ ನಾಯಕ. ಸಸಿ ನೆಡುವ ಸಮಾರಂಭದ ಫೋಟೊ ಇದಕ್ಕೆ ಸಾಕ್ಷಿಯಾಗದು.

ಬೆಟ್ಟದ ಕಡೆಯ ಅನುಭವ ಇನ್ನೊಂದು ಅಳತೆಯನ್ನು ಒದಗಿಸುತ್ತದೆ. ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಆದಿವಾಸಿ ಸೋಲಿಗರು ಹಿಂದೆ ನೆಲದ ತರಗೆಲೆಗೆ ಹಾಕುತ್ತಿದ್ದ ‘ತರಗು ಬೆಂಕಿ’ಯನ್ನು ನಿಷೇಧಿಸಿದ ಮೇಲೆಯೇ ಲಾಂಟಾನ ಪೊದೆ ಕಾಡನ್ನು ಮುಚ್ಚಿತೆಂಬುದು ಅವರ ದೃಢವಾದ ಅಭಿಪ್ರಾಯ. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಅಲ್ಲಿನ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಒಣಗುತ್ತಿರುವ ಕಾಡಿನ ಬಗ್ಗೆ ಅಲ್ಲಿ ಬಾಳಿದವರ ತಿಳಿವಳಿಕೆಯನ್ನು ಕೇಳದ ಪ್ರತಿನಿಧಿ ಎಷ್ಟೇ ಪರಿಸರಪ್ರೇಮ ಮೆರೆದರೂ ಅದು ಅರೆಬರೆಯೇ. ಹನೂರು ತಾಲ್ಲೂಕಿನ ಇಂಡಿಗನತ್ತದಲ್ಲಿ 2024ರ ಏಪ್ರಿಲ್ 26ರಂದು, ರಸ್ತೆ ಮತ್ತು ನೀರಿಗಾಗಿ ಮತದಾನ ಬಹಿಷ್ಕರಿಸಿದ ಸಂದರ್ಭದಲ್ಲಿ ಮತಗಟ್ಟೆಯೇ ಧ್ವಂಸವಾಗಿ, ಮರುಮತದಾನ ನಡೆಸಬೇಕಾಯಿತು. ಹಿಂಸೆಯನ್ನು ಸಮರ್ಥಿಸಲಾಗದು, ಆದರೆ ಕುಡಿಯುವ ನೀರಿಗೇ ಹೀಗೆ ಹೋರಾಡಬೇಕಾದವರ ಮುಂದೆ ದೂರದ ತಾಪಮಾನದ ಮಾತು ನಿಲ್ಲಲಾರದು. ನೀರಿನ ಭದ್ರತೆಯೇ ಅವರ ಪಾಲಿನ ಹವಾಮಾನ ನೀತಿ.

ಸಂವಿಧಾನದ 11ನೇ ಅನುಸೂಚಿಯು ಸಣ್ಣ ನೀರಾವರಿ, ಜಲಾನಯನ ಅಭಿವೃದ್ಧಿ, ಸಾಮಾಜಿಕ ಅರಣ್ಯ ಇವನ್ನು ಪಂಚಾಯಿತಿಗಳ ವ್ಯಾಪ್ತಿಗೆ ಸೇರಿಸಿದೆ. ಆದರೂ ಕರ್ನಾಟಕದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೊಂದಾಣಿಕೆಯ ಕೆಲಸ ನಡೆಯಬೇಕಾದ ಮಟ್ಟದಲ್ಲಿ ಜನಪ್ರತಿನಿಧಿಯೇ ಇಲ್ಲದಿರುವಾಗ ಯೋಗ್ಯರನ್ನು ಆರಿಸುವ ಮಾತೂ ಬರಿದಾಗುತ್ತದೆ. ಆದ್ದರಿಂದ ಈ ಚುನಾವಣೆಗಾಗಿ ಒತ್ತಾಯಿಸುವುದೇ ಹವಾಮಾನಕ್ಕಾಗಿ ಮತದಾರರು ಇಡಬಹುದಾದ ಮೊದಲ ಬೇಡಿಕೆ. ದಂಡೆಯ ಕೆಲವೇ ಊರುಗಳ ದನಿ ಯಾವ ಲೆಕ್ಕಕ್ಕೆ ಎಂಬ ಸಂಶಯಕ್ಕೆ ಈ ಜಿಲ್ಲೆಯಲ್ಲೇ ಉತ್ತರವಿದೆ: 2004ರಲ್ಲಿ ಪಕ್ಕದ ಅಂದಿನ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರ ಎದುರು ಗೆದ್ದದ್ದು ಒಂದೇ ಒಂದು ಮತದಿಂದ.