ಮೂರು ವರ್ಷಕ್ಕೇ ಬರೆಯುವ ಶಿಕ್ಷೆ
ಬಸವನಗುಡಿಯ ಹಳೇ ಮನೆಯೊಂದು ಈಗ ಪ್ರೀಸ್ಕೂಲ್. ಹಿತ್ತಲಿಗೆ ಸಿಮೆಂಟು ಬಳಿದು ಪ್ಲಾಸ್ಟಿಕ್ ಜಾರುಬಂಡೆ ಇಟ್ಟಿದ್ದಾರೆ. ಮಕ್ಕಳು ಅದನ್ನು ಹತ್ತುವುದು ಫೋಟೋ ತೆಗೆಯುವ ದಿನ ಮಾತ್ರ. ನನ್ನ ತಂಗಿಯ ಮೂರೂವರೆ ವರ್ಷದ ಮಗಳು ಅಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಬೆರಳು ಕೆಂಪಗೆ ಮಾಡಿಕೊಂಡು, ಡಬ್ಬಿಯ ಚಿತ್ರಾನ್ನ ಹಾಗೇ ವಾಪಸ್ ತರುತ್ತಾಳೆ. ಕೇಳಲು ಹೋದರೆ ಗೇಟಿನಲ್ಲೇ ಉತ್ತರ: ‘ಆ್ಯಪ್‌ನಲ್ಲಿ ಹಾಕಿ ಮೇಡಂ.’ ಬಿಡಿಸೋಣವೆಂದರೆ ಇಡೀ ವರ್ಷದ ಫೀಸು ಮೊದಲೇ ಕಟ್ಟಿಸಿಕೊಂಡಿದ್ದಾರೆ, ಹಿಂದಿರುಗಿಸುವುದಿಲ್ಲವಂತೆ. ಕಾನೂನು ಹಿಡಿಯೋಣವೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆ ಕೊಡುವ ಹಕ್ಕು ಆರು ವರ್ಷದಿಂದ ಶುರು. ಮೂರರಿಂದ ಆರರವರೆಗಿನ ಮಕ್ಕಳಿಗೆ ಆಟದ ಮೂಲಕ ಕಲಿಕೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿತು, ಸರಿ. ಆದರೆ ಅಕ್ಷರ ಬರೆಸದಿದ್ದರೆ ‘ಏನೂ ಕಲಿಸ್ತಿಲ್ಲ’ ಎಂದು ಜಗಳಕ್ಕೆ ನಿಲ್ಲುವವರೂ ಅದೇ ಗೇಟಿನ ಮುಂದಿನ ಅಪ್ಪ ಅಮ್ಮಂದಿರೇ. ತಂಗಿಗೆ ಇದನ್ನು ಹೇಳಿದೆ, ಅವಳು ಫೋನಿಟ್ಟಳು.